ಕ್ಲೆಮ್‌ನ ಕುರ್ಚಿ, ಆರೂವರೆ ಅಂಕ

ಸೇಂಟ್ ಓಡಿಲ್, ವಿಸ್ಕಾನ್ಸಿನ್
ಸೆಪ್ಟೆಂಬರ್ 9

ಪ್ರೀತಿಯ ಆರ್ಲಿನ್,

ಐದು ತಿಂಗಳಿಂದ ನಿನಗೆ ನೆಟ್ಟಗೆ ಒಂದು ಕಾಗದ ಬರೆದಿಲ್ಲ, ಗೊತ್ತು. ಕ್ಲೆಮ್ ಹೋದ ಮೇಲೆ ಬಂದ ಸಂತಾಪದ ಕಾರ್ಡುಗಳಿಗೆಲ್ಲ ಉತ್ತರ ಬರೆದು ಕೈ ಸೋತುಹೋಗಿತ್ತು, ಒಡಹುಟ್ಟಿದವನಿಗೇನು ಅವಸರ ಎಂದು ಬಿಟ್ಟೆ. ಈಗ ನಿನ್ನಿಂದ ಕೆಲಸ ಆಗಬೇಕು ಅಂದಾಗ ಅಕ್ಕನಿಗೆ ನೆನಪಾಯಿತು ಎಂದು ನಗಬೇಡ. ನೀನು ಆ ರೀನೋದ ಹೋಟೆಲಿನಲ್ಲಿ ಬಾಜಿ ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಹನ್ನೊಂದು ವರ್ಷದಿಂದ ಕೂತಿದ್ದೀಯ. ಫುಟ್‌ಬಾಲಿನ ಮೇಲೆ ಬಾಜಿ ಕಟ್ಟುವುದು ಹೇಗೆಂದು ನನಗೆ ಕಲಿಸಿಕೊಡು. ಬೇಗ.

ಸಂಗತಿ ಇಷ್ಟು. ಓಜಿಯ ಬಾರಿನ ಮೂಲೆಯ ದೊಡ್ಡ ಮೇಜು ನಿನಗೆ ಮರೆತಿರಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಹನ್ನೆರಡೇ ಕುರ್ಚಿ, ಓಜಿಯದೂ ಸೇರಿ. ಪ್ರತಿ ಭಾನುವಾರ ಓಜಿ ಎಂಟು ಆಟಗಳನ್ನು ಬೋರ್ಡಿನ ಮೇಲೆ ಬರೆಯುತ್ತಾನೆ, ಹನ್ನೆರಡು ಜನರೂ ಒಂದೊಂದು ಆಟಕ್ಕೆ ಒಂದೊಂದು ಕಡೆ ಆರಿಸಬೇಕು. ದುಡ್ಡಿಲ್ಲ ಕಾಸಿಲ್ಲ. ಆದರೆ ಡಿಸೆಂಬರಿನಲ್ಲಿ ಎಲ್ಲರಿಗಿಂತ ಕೆಳಗಿರುವವರು ಕುರ್ಚಿ ಬಿಟ್ಟು ಏಳಬೇಕು. ಕ್ಲೆಮ್ ಮೂವತ್ತಮೂರು ವರ್ಷ ಏಳಲಿಲ್ಲ. ಸತ್ತವರ ಕುರ್ಚಿಯಲ್ಲಿ ಮನೆಯವರು ಒಂದು ವರ್ಷ ಕೂತು ಆಡಬಹುದು, ತಳಕ್ಕೆ ಬೀಳದಿದ್ದರೆ ಕುರ್ಚಿ ಅವರದೇ ಎಂದು ಅವರದೇ ಕಾನೂನು ಇದೆಯಂತೆ. ನಾನು ಹೋಗಿ ಕೂತೆ.

ಗಂಡಸರೆಲ್ಲ ಬಹಳ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡರು. ಎಲ್ಡನ್ ಒಬ್ಬ ಮುಚ್ಚಲಿಲ್ಲ. ಅವನೇ ಕಣೋ, ಶವಪೆಟ್ಟಿಗೆ ಅಂಗಡಿಯವನು. ಆ ಮೇಜಿನ ಕುರ್ಚಿಗೆ ಆರು ವರ್ಷ ಸರದಿಯಲ್ಲಿ ಕಾದು ಈಗ ಮೊದಲನೆಯವನಾಗಿದ್ದಾನೆ. "ವರ್ನೀಸ್, ಬೇಜಾರು ಮಾಡ್ಕೋಬೇಡ, ಡಿಸೆಂಬರ್‌ವರೆಗೆ ತಾನೆ, ನಾನು ಕಾಯ್ತೀನಿ. ಕಾಯೋದೇ ನನ್ನ ಕಸುಬು," ಅಂದ.

ಮೊದಲ ಭಾನುವಾರ ಎಂಟರಲ್ಲಿ ಒಂದು ಸರಿ ಬಂತು. ಕೆಲವು ತಂಡಗಳ ಮುಂದೆ ಕಳೆಯುವ ಗುರುತು ಹಾಕಿದ್ದರು. ಕಳೆಯುವುದು ಅಂದರೆ ಕೆಲಸಕ್ಕೆ ಬಾರದ ತಂಡ ಇರಬೇಕು ಎಂದು ನಾನು ಅವನ್ನೆಲ್ಲ ಬಿಟ್ಟೆ. ಬಿಟ್ಟವರೆಲ್ಲ ಗೆದ್ದರು. ಇದೇನು ಶನಿ, ಬಿಡಿಸಿ ಬರೆ.

ನಿನ್ನ ಅಕ್ಕ,
ವರ್ನೀಸ್


ರೀನೋ, ನೆವಾಡಾ
ಸೆಪ್ಟೆಂಬರ್ 17

ಅಕ್ಕಾ,

ನಿನ್ನ ಕಾಗದ ಓದಿ ಕಿಟಕಿಯ ಹಿಂದೆ ಒಬ್ಬನೇ ನಕ್ಕೆ. ಎದುರಿಗೆ ನಿಂತಿದ್ದ ಗಿರಾಕಿ ತನ್ನನ್ನು ನೋಡಿ ನಕ್ಕೆನೆಂದು ಜಗಳಕ್ಕೆ ಬಂದ. ಕಳೆಯುವ ಗುರುತು ಬಲಶಾಲಿ ತಂಡಕ್ಕೆ ಹಾಕುವುದು, ತಾಯೀ. ಕೂಡುವ ಗುರುತು ಬಡಪಾಯಿಗೆ.

ನಾವು ಕೊಟ್ಟಿಗೆಯಿಂದ ನೀರಿನ ಪಂಪಿನವರೆಗೆ ಓಡುತ್ತಿದ್ದೆವಲ್ಲ? ನಿನಗೆ ಹನ್ನೆರಡು, ನನಗೆ ಆರು. ನೇರವಾಗಿ ಓಡಿದರೆ ನೀನೇ ಗೆಲ್ಲುವುದು ಹಸುಗಳಿಗೂ ಗೊತ್ತಿತ್ತು. ಅದಕ್ಕೆ ಅಪ್ಪ ನನ್ನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸುತ್ತಿದ್ದರು. ಇದೂ ಅಷ್ಟೇ. 'ಕಳೆಯುವ ಏಳು' ಅಂದರೆ ಬಲಶಾಲಿ ಏಳು ಅಂಕ ಬಿಟ್ಟುಕೊಟ್ಟು ಓಡುತ್ತಿದ್ದಾನೆ. ಏಳಕ್ಕಿಂತ ಹೆಚ್ಚು ಅಂಕಗಳಿಂದ ಗೆದ್ದರೆ ಮಾತ್ರ ಅವನನ್ನು ಆರಿಸಿದವರಿಗೆ ಗೆಲುವು. ಮೂರರಿಂದ ಗೆದ್ದರೆ ತಂಡ ಕುಣಿಯುತ್ತದೆ, ಅದರ ಮೇಲೆ ಬಾಜಿ ಕಟ್ಟಿದವನು ತಲೆ ಚಚ್ಚಿಕೊಳ್ಳುತ್ತಾನೆ. ಬಡಪಾಯಿಯನ್ನು ಆರಿಸಿದವರಿಗೆ ಅವನು ಸೋತರೂ ಪರವಾಗಿಲ್ಲ, ಸ್ವಲ್ಪದರಲ್ಲಿ ಸೋತರೆ ಸಾಕು.

ಹನ್ನೊಂದು ವರ್ಷದಲ್ಲಿ ಇದನ್ನು ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಒಂದು ಮಾತು. ಆ ಮೇಜು ನಿನಗೇಕೆ? ಎಲ್ಡನ್ ಕೂತುಕೊಳ್ಳಲಿ ಬಿಡು. ಅಲ್ಲಿಯವರು ಆಟದ ವಿಷಯ ಬಂದರೆ ಒಳ್ಳೆಯ ಜನ ಅಲ್ಲ.

ಆರ್ಲಿನ್


ಸೇಂಟ್ ಓಡಿಲ್
ಸೆಪ್ಟೆಂಬರ್ 30

ಆರ್ಲಿನ್,

ಈಗ ತಿಳಿಯಿತು. ಹೋದ ವಾರ ಎಂಟರಲ್ಲಿ ನಾಲ್ಕು, ಈ ವಾರ ಐದು. ಆದರೂ ಮೊದಲೇ ಅಷ್ಟು ಕಳೆದುಕೊಂಡಿದ್ದರಿಂದ ಹನ್ನೆರಡನೆಯವಳೇ. ಮೂರೂವರೆ, ಆರೂವರೆ ಎಂದು ಬರೆಯುತ್ತಾರಲ್ಲ, ಅರ್ಧ ಅಂಕ ಹೊಡೆಯುವವನು ಯಾವನು ಎಂದು ಕೇಳಿದೆ. ಓಜಿ ಬೋರ್ಡಿಗೆ ಹಣೆ ಒತ್ತಿಕೊಂಡು ನಕ್ಕ. "ವರ್ನೀಸಮ್ಮ, ಯಾರೂ ಹೊಡೆಯಲ್ಲ, ಸಮ ಆಗಬಾರದು ಅಂತ ಇಟ್ಟಿರೋದು," ಅಂದ. ಅದನ್ನೂ ನೀನು ಬರೆದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಆ ಮೇಜು ನನಗೇಕೆ ಎಂದು ಕೇಳಿದೆ. ಹೇಳುತ್ತೇನೆ ಕೇಳು. ಮೂವತ್ತಮೂರು ವರ್ಷ ಕ್ಲೆಮ್ ಭಾನುವಾರ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದರು, ನಾನು ಮನೆಯಲ್ಲಿ ಬೈದುಕೊಳ್ಳುತ್ತಿದ್ದೆ. ಈಗ ಬೈಯಲು ಯಾರೂ ಇಲ್ಲ. ಭಾನುವಾರ ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳುತ್ತದೆ ಕಣೋ. ಆ ಮೇಜಿನಲ್ಲಿ ಕೂತರೆ ನಾಲ್ಕು ಗಂಟೆಯಲ್ಲಿ ನಲವತ್ತು ಸಲ ಅವರ ಹೆಸರು ಬರುತ್ತದೆ. "ಕ್ಲೆಮ್ ಇದ್ದಿದ್ರೆ ಇದಕ್ಕೆ ಟೋಪಿ ಎಸೀತಿದ್ದ" ಅನ್ನುತ್ತಾರೆ, "ಕ್ಲೆಮ್ ಇದ್ದಿದ್ರೆ ರೆಫರಿ ತಾಯಿಗೆ ಕಾಗದ ಬರೀತಿದ್ದ" ಅನ್ನುತ್ತಾರೆ. ಹೊರಗಿನ ಸ್ಟೂಲಿನ ಮೇಲೆ ಕೂತವರ ಜೊತೆ ಹಾಗೆ ಮಾತಾಡುವುದಿಲ್ಲ. ಮೇಜಿನವರ ಜೊತೆ ಮಾತ್ರ. ಆ ಕುರ್ಚಿ ಹೋದರೆ ಅವರು ಇನ್ನೊಮ್ಮೆ ಸತ್ತಹಾಗೆ ನನಗೆ.

ಸಾಕು. ಬೇರೆ ಬೇರೆ ಬಾಜಿಗಳು ಇವೆಯಂತಲ್ಲ, ಎಲ್ಲವನ್ನೂ ಹೇಳು. ಮೇಜಿನಲ್ಲಿ ಅವರು ಆಡುವ ಮಾತು ಅರ್ಥವಾಗದೆ ಕತ್ತೆಯ ಹಾಗೆ ತಲೆಯಾಡಿಸುತ್ತೇನೆ. ಮತ್ತೆ, ಹತ್ತೊಂಬತ್ತು ವರ್ಷದಿಂದ ಊರಿಗೆ ಕಾಲಿಡದಂತೆ ನಿನ್ನನ್ನು ಹಿಡಿದಿಟ್ಟಿರುವ ಆ ಹೆಂಗಸು ಯಾರೆಂದು ಈ ಸಲವಾದರೂ ಹೇಳು. ನಾನೇನು ಅವಳನ್ನು ತಿನ್ನುವುದಿಲ್ಲ.

ವರ್ನೀಸ್


ರೀನೋ
ಅಕ್ಟೋಬರ್ 12

ಅಕ್ಕಾ,

ಯಾವ ಹೆಂಗಸೂ ಇಲ್ಲ. ಒಂದು ಬೆಕ್ಕಿತ್ತು, ಅದೂ ಪಕ್ಕದ ಮನೆಗೆ ಹೋಯಿತು. ನನಗೆ ಇಲ್ಲಿನ ಒಣಹವೆ ಎದೆಗೆ ಒಳ್ಳೆಯದೆಂದು ಆಗಲೇ ಬರೆದಿದ್ದೆನಲ್ಲ.

ಬಾಜಿಗಳ ವಿಷಯ. ನೇರ ಬಾಜಿ ಅಂದರೆ ಬಿಟ್ಟುಕೊಡುವ ಗೋಜಿಲ್ಲ, ಯಾರು ಗೆಲ್ಲುತ್ತಾರೆ ಅಷ್ಟೇ. ಆದರೆ ಬಲಶಾಲಿಯ ಮೇಲೆ ನೂರು ಗೆಲ್ಲಬೇಕಾದರೆ ಇನ್ನೂರು ಇಡಿಸುತ್ತೇವೆ, ಬಡಪಾಯಿಯ ಮೇಲೆ ನೂರಿಟ್ಟವನಿಗೆ ನೂರಾ ಎಪ್ಪತ್ತು ಕೊಡುತ್ತೇವೆ. ಇನ್ನೊಂದು, ಒಟ್ಟು ಅಂಕದ ಬಾಜಿ. ಯಾರು ಗೆದ್ದರೆ ನಮಗೇನು, ಇಬ್ಬರೂ ಸೇರಿ ನಲವತ್ತೊಂದರ ಮೇಲೆ ಹೊಡೆಯುತ್ತಾರೋ ಕೆಳಗೋ? ಚೆಂಡು ಹಿಡಿದು ಗೆರೆ ದಾಟಿಸಿದರೆ ಆರು, ಕಂಬಗಳ ನಡುವೆ ಒದ್ದರೆ ಮೂರು. ಹಿಮ ಬಿದ್ದ ದಿನ ಕೆಳಗೆ ಅನ್ನು, ಬಿಸಿಲಿನ ದಿನ ಯೋಚಿಸು. ಪೋಣಿಸುವ ಬಾಜಿ ಅಂದರೆ ನಾಲ್ಕು ಆಟ ಒಂದೇ ಚೀಟಿಯಲ್ಲಿ. ನಾಲ್ಕೂ ಬಂದರೆ ಹತ್ತುಪಟ್ಟು, ಒಂದು ತಪ್ಪಿದರೆ ಎಲ್ಲವೂ ಗೋತಾ. ನಮ್ಮ ಹೋಟೆಲಿನ ನಲ್ಲಿಗಳಿಗೆ ಚಿನ್ನದ ಬಣ್ಣ ಬಂದದ್ದು ಈ ಚೀಟಿಗಳಿಂದಲೇ. ಇಲ್ಲೊಬ್ಬ ಹಲ್ಲಿನ ಡಾಕ್ಟರ್ ಪ್ರತಿ ವಾರ ಏಳು ಆಟ ಪೋಣಿಸುತ್ತಾನೆ. ಆರು ಬರುತ್ತವೆ, ಏಳನೆಯದು ಬರುವುದಿಲ್ಲ, ಸೋಮವಾರ ಅವನ ಹತ್ತಿರ ಹಲ್ಲು ಕೀಳಿಸಿಕೊಳ್ಳಲು ಯಾರೂ ಹೋಗುವುದಿಲ್ಲ. ಆಟದ ಮೊದಲು ನಾಣ್ಯ ಚಿಮ್ಮಿದಾಗ ಯಾವ ಮುಖ ಬೀಳುತ್ತದೆ ಎಂಬುದರ ಮೇಲೂ ಕಟ್ಟುವವರಿದ್ದಾರೆ. ಅವರಿಗೆ ನಾನು ಏನೂ ಕಲಿಸಲಾರೆ.

ನಿನ್ನ ಮೇಜಿಗೆ ಬೇಕಾದದ್ದು ಒಂದೇ. ಹಿಂದಿನ ವಾರಗಳ ಪಟ್ಟಿ ತೆಗೆದು, ನಮ್ಮವರು, ಅದೇ ನಮ್ಮ ವಿಸ್ಕಾನ್ಸಿನ್ ತಂಡ, ಆಡಿದ ಆಟಗಳಲ್ಲಿ ಮೇಜಿನವರು ಯಾವ ಕಡೆ ಬರೆದಿದ್ದಾರೆ ನೋಡು. ಹನ್ನೆರಡಕ್ಕೆ ಹನ್ನೆರಡೂ ನಮ್ಮವರ ಕಡೆಯೇ ಇರುತ್ತದೆ. ಹದಿಮೂರು ಅಂಕ ಬಿಟ್ಟುಕೊಡಬೇಕಾದರೂ ನಮ್ಮವರೇ. ಎಲ್ಲರೂ ಒಂದೇ ಕಡೆ ನಿಂತ ಆಟದಲ್ಲಿ ನೀನು ಇನ್ನೊಂದು ಕಡೆ ನಿಂತರೆ ಒಂದೇ ಏಟಿಗೆ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ.

ಬೇಡ, ಆ ಸಾಲನ್ನು ಮರೆತುಬಿಡು. ಹಾಗೆ ಮಾಡಬೇಡ.

ಆರ್ಲಿನ್


ಸೇಂಟ್ ಓಡಿಲ್
ಅಕ್ಟೋಬರ್ 24

ಆರ್ಲಿನ್,

ನೋಡಿದೆ. ನೀನು ಹೇಳಿದ್ದು ಅಕ್ಷರಶಃ ನಿಜ. ಒಂದೇ ಒಂದು ಸಲವೂ ನಮ್ಮವರ ವಿರುದ್ಧ ಯಾರೂ ಬರೆದಿಲ್ಲ. ನಾನೂ ಬರೆದಿಲ್ಲ ಅನ್ನು, ಕೈ ಬರುವುದಿಲ್ಲ.

ಶುಕ್ರವಾರ ಮೀನಿನ ಊಟಕ್ಕೆ ಹೋದಾಗ ಓಜಿಯನ್ನು ಕೇಳಿದೆ, ನಮ್ಮವರ ವಿರುದ್ಧ ಬರೆದವರು ಯಾರಾದರೂ ಇದ್ದಾರೇನಪ್ಪಾ ಎಂದು. "ಒಬ್ಬನೇ ಒಬ್ಬ. ನಮ್ಮಪ್ಪನ ಕಾಲದಲ್ಲಿ," ಅಂದ. ಯಾರು ಅಂದೆ. ಬಾಣಲೆಯಲ್ಲಿ ಏನೋ ಹೊತ್ತಿತು ಎಂದು ಒಳಗೆ ಹೋದ. ಏನೂ ಹೊತ್ತಿರಲಿಲ್ಲ. ಎಲ್ಡನ್ ಕಡೆ ತಿರುಗಿದರೆ ಅವನು ಮೇಲೆ ಛಾವಣಿ ನೋಡುತ್ತಿದ್ದ. ಹಾಗೆ ಮಾಡಬೇಡ ಎಂದು ನೀನೂ ಬರೆದೆ. ನನಗೆ ಹಿಡಿಸದ ವಿಷಯ ಎಂದರೆ ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೆ ಗೊತ್ತಿಲ್ಲದಿರುವುದು. ಯಾರೋ ಅವನು?

ಈಗ ನಾನು ಹನ್ನೊಂದನೆಯವಳು. ಓಜಿ ಹನ್ನೆರಡು. ಎಲ್ಡನ್ ಈಗ ನನ್ನ ಕುರ್ಚಿ ಬಿಟ್ಟು ಓಜಿಯ ಕುರ್ಚಿ ನೋಡುತ್ತಿದ್ದಾನೆ.

ವರ್ನೀಸ್


ರೀನೋ
ನವೆಂಬರ್ 3

ಅಕ್ಕಾ,

ಅದು ನಾನೇ.

ಹತ್ತೊಂಬತ್ತು ವರ್ಷದ ಹಿಂದೆ ಆ ಮೇಜಿನಲ್ಲಿ ಕ್ಲೆಮ್ ಭಾವನ ಪಕ್ಕದ ಕುರ್ಚಿ ನನ್ನದಿತ್ತು, ನಿನಗೆ ನೆನಪಿರಬೇಕು. ಆ ದಿನ ನಮ್ಮವರು ಹತ್ತು ಅಂಕ ಬಿಟ್ಟುಕೊಡಬೇಕಿತ್ತು. ಅದು ಜಾಸ್ತಿ ಅನ್ನಿಸಿತು, ನಾನು ಎದುರಾಳಿಯ ಕಡೆ ಬರೆದೆ. ಬುದ್ಧಿವಂತ ಎಂಬ ಜಂಬ ನನಗೆ. ನಮ್ಮವರು ಕೊನೆಯ ಗಳಿಗೆಯಲ್ಲಿ ಸೋತೇ ಹೋದರು. ಇಡೀ ಬಾರ್ ಸಾವಿನ ಮನೆಯ ಹಾಗೆ ಕೂತಿತ್ತು. ನಾನು ಕುರ್ಚಿಯ ಮೇಲೆ ಹತ್ತಿ "ಗೆದ್ದೆ!" ಎಂದು ಕೂಗಿದೆ ಅಕ್ಕಾ. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಭಾವ ಎದ್ದರು, ಗೂಟದಿಂದ ನನ್ನ ಟೋಪಿ ತೆಗೆದು ಕೈಗೆ ಕೊಟ್ಟರು, ಒಂದೂ ಮಾತಾಡದೆ ಹೊರಗೆ ಹೋದರು. ಹೊರಡು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ನಾನು ಹಿಂದಿನ ಬಾಗಿಲಿನಿಂದ ಹೊರಟೆ. ಒಂದು ವಾರದಲ್ಲಿ ಊರೇ ಬಿಟ್ಟೆ. ಎದೆ, ಒಣಹವೆ, ಎಲ್ಲ ಸುಳ್ಳು. ಭಾವನ ಮಣ್ಣಿಗೆ ಬರಬೇಕೆಂದು ಬಸ್ಸು ಹತ್ತಿದ್ದೆ. ಶಿಕಾಗೋದವರೆಗೆ ಬಂದು, ಕಾಫಿ ಕುಡಿದು, ವಾಪಸ್ಸು ಬಂದೆ. ನನ್ನನ್ನು ಹೊರಗೆ ಹಾಕಿದ ಮನುಷ್ಯನ ಶವದ ಮುಂದೆ ಹೇಗೆ ನಿಲ್ಲಲಿ ಎಂದು ಗೊತ್ತಾಗಲಿಲ್ಲ.

ಅದಕ್ಕೇ ಬೇಡ ಅಂದೆ.

ಆರ್ಲಿನ್


ರೀನೋ
ನವೆಂಬರ್ 21

ಅಕ್ಕಾ,

ಹದಿನೆಂಟು ದಿನವಾಯಿತು. ನಿನಗೆ ಸಿಟ್ಟು ಬಂದಿದೆ. ಬರಬೇಕಾದ್ದೇ. ನಿನ್ನ ಗಂಡನ ಮಣ್ಣಿಗೆ ಬರದವನ ಜೊತೆ ಮಾತೇನು ಎಂದುಕೊಂಡಿರುತ್ತೀಯ. ಒಂದು ಡಬ್ಬ ಖರ್ಜೂರ ಕಳಿಸಿದ್ದೇನೆ. ಬೈದಾದರೂ ಒಂದು ಸಾಲು ಬರೆ.

ಆರ್ಲಿನ್


ಸೇಂಟ್ ಓಡಿಲ್
ನವೆಂಬರ್ 28

ಲೋ ದಡ್ಡ,

ಸಿಟ್ಟಲ್ಲ, ಚರ್ಚಿನ ಬೂಯಾ ಊಟ, ಊರಿಗೆಲ್ಲ ಕೋಳಿ ಸಾರು! ನಾಲ್ಕು ಹಂಡೆ, ಅರವತ್ತು ಕೋಳಿ, ಈರುಳ್ಳಿ ಹೆಚ್ಚುವವಳು ನಾನೊಬ್ಬಳೇ. ಕಣ್ಣೀರು ಸುರಿಸುತ್ತ ನಿನ್ನ ಕಾಗದ ಓದಿದೆ. ಈರುಳ್ಳಿಯಿಂದಲೋ ನಿನ್ನಿಂದಲೋ ಗೊತ್ತಾಗಲಿಲ್ಲ. ಖರ್ಜೂರ ಬಂತು, ಚೆನ್ನಾಗಿದೆ, ಇನ್ನೊಂದು ಡಬ್ಬ ಕಳಿಸು.

ಈಗ ಕೇಳು. ನಿನ್ನ ಕಾಗದ ಹಿಡಿದು ನೇರ ಎಲ್ಡನ್ ಅಂಗಡಿಗೆ ಹೋದೆ. ಅಂದು ಅವನು ಬಾರಿನ ಕಿಟಕಿಯ ಹತ್ತಿರ ಕೂತಿದ್ದನಂತೆ. "ವರ್ನೀಸ್, ಕ್ಲೆಮ್ ಯಾರನ್ನೂ ಹೊರಗೆ ಹಾಕಲಿಲ್ಲ ಕಣಮ್ಮ. ಹುಡುಗನ್ನ ಇಲ್ಲೇ ಬಿಟ್ರೆ ಇವರು ಕೆಟ್ಟ ಮಾತಾಡ್ತಾರೆ ಅಂತ ಮನೆಗೆ ಕರ್ಕೊಂಡು ಹೋಗೋಕೆ ಎದ್ದ. ಹೊರಗೆ ಹೋಗಿ ಕಾರು ತಂದು ಮುಂದಿನ ಬಾಗಿಲಿಗೆ ನಿಲ್ಲಿಸ್ಕೊಂಡ. ಹೀಟರ್ ಹಾಕ್ಕೊಂಡು ಅರ್ಧ ಗಂಟೆ ಕೂತಿದ್ದ. ಇವನು ಬರಲೇ ಇಲ್ಲ," ಅಂದ.

ಇಷ್ಟು ವರ್ಷ ಏಕೆ ಹೇಳಲಿಲ್ಲ ಮಾರಾಯ ಎಂದು ಕೂಗಾಡಿದೆ. "ನೀನು ಕೇಳಲಿಲ್ಲ. ನಿನ್ನ ಗಂಡನೂ ಅದರ ಸುದ್ದಿ ಎತ್ತಬೇಡಿ ಅಂದಿದ್ದ. ಆರ್ಲಿನ್‌ಗೆ ತನ್ನ ಕಾರು ಹತ್ತೋಕೂ ಅಸಹ್ಯ ಆಯ್ತು ಅಂತ ಅವನು ತಿಳ್ಕೊಂಡಿದ್ದ," ಅಂದ.

ನಿಮ್ಮಿಬ್ಬರನ್ನೂ ಒಂದೇ ಕೋಲಿನಲ್ಲಿ ಹೊಡೆಯಬೇಕಿತ್ತು. ಒಬ್ಬ ಮುಂದೆ ಕಾಯುತ್ತ ಕೂತ, ಒಬ್ಬ ಹಿಂದಿನಿಂದ ಓಡಿದ, ಹತ್ತೊಂಬತ್ತು ವರ್ಷ ನಾನು ಯಾವುದೋ ಹೆಂಗಸನ್ನು ಬೈದುಕೊಂಡು ಕೂತೆ. ಪಾಪ, ಹುಟ್ಟದೇ ಇದ್ದವಳು.

ಇನ್ನು ನನ್ನ ಕಥೆ. ಕೊನೆಯ ಭಾನುವಾರ ಡಿಸೆಂಬರ್ 14. ಓಜಿ, ನಾನು ಇಬ್ಬರೂ ತಳದಲ್ಲಿ ಸಮ. ಸಮ ಬಂದರೆ ಹೊಸಬರು ಏಳಬೇಕೆಂಬುದು ಕಾನೂನು. ಅಂದು ನಮ್ಮವರಿಗೂ ಮಿನೆಸೋಟಾದವರಿಗೂ ಆಟ, ನಮ್ಮೂರಿನ ಪಕ್ಕದಲ್ಲೇ. ನಾನೇನು ಮಾಡಲಿ?

ವರ್ನೀಸ್


ರೀನೋ
ಡಿಸೆಂಬರ್ 6

ಅಕ್ಕಾ,

ಕಾಗದ ಓದಿ ಅರ್ಧ ದಿನ ರಜೆ ಹಾಕಿ ನದಿಯ ಹತ್ತಿರ ಹೋಗಿ ಕೂತಿದ್ದೆ. ಅರ್ಧ ಗಂಟೆ ಕಾದರಂತೆ. ಏನು ಬರೆಯಲಿ.

ನಿನ್ನ ಆಟದ ವಿಷಯ ಬರೆಯುತ್ತೇನೆ, ಅದು ಬರುತ್ತದೆ. ನಮ್ಮವರು ಆರೂವರೆ ಬಿಟ್ಟುಕೊಡಬೇಕೆಂದು ಇಲ್ಲಿ ಬರೆದಿದ್ದಾರೆ. ಆ ಆರೂವರೆ ದೇವರು ಬರೆದದ್ದಲ್ಲ. ಈ ಹೋಟೆಲಿನ ಎರಡನೇ ಮಹಡಿಯಲ್ಲಿ ಸಿಗಾರ್ ಸೇದುತ್ತ ಕೂತ ಒಬ್ಬ ಬೋಳುತಲೆಯವನ ಅಂದಾಜು. ನಿಮ್ಮ ಊರಿನಂಥ ಊರುಗಳವರು ಕಣ್ಣುಮುಚ್ಚಿ ನಮ್ಮವರ ಮೇಲೆ ಕಟ್ಟುತ್ತಾರೆಂದು ಗೊತ್ತಿದ್ದೇ ಒಂದೆರಡು ಅಂಕ ಏರಿಸಿರುತ್ತಾನೆ. ಮಿನೆಸೋಟಾ ಕಡೆ ಬರೆದರೆ ನೀನು ನಮ್ಮವರ ವಿರುದ್ಧ ನಿಂತಹಾಗಲ್ಲ. ಆ ಬೋಳುತಲೆಯ ವಿರುದ್ಧ ನಿಂತಹಾಗೆ. ನಮ್ಮವರು ಗೆಲ್ಲಲಿ, ಆರರೊಳಗೆ ಗೆಲ್ಲಲಿ ಎಂದು ಬೇಡಿಕೋ. ನಾನು ಆ ದಿನ ಇದನ್ನು ತಿಳಿದಿದ್ದರೆ ಕುರ್ಚಿ ಹತ್ತುತ್ತಿರಲಿಲ್ಲ.

ಮಿನೆಸೋಟಾ ಕಡೆ ನಿಂತು ಆರೂವರೆ ತೆಗೆದುಕೋ. ಬಾಜಿ ಕಟ್ಟುವಾಗ ಹೃದಯವನ್ನು ಕೋಟಿನ ಜೊತೆ ಗೂಟಕ್ಕೆ ಹಾಕಿಬಿಡಬೇಕು.

ಆರ್ಲಿನ್


ಸೇಂಟ್ ಓಡಿಲ್
ಡಿಸೆಂಬರ್ 15

ಆರ್ಲಿನ್,

ಬರೆದೆ! ಬಳಪ ಹಿಡಿದು ಮಿನೆಸೋಟಾದ ಕೆಳಗೆ ನನ್ನ ಹೆಸರು ಬರೆದೆ. ಓಜಿ ಮೆಲ್ಲಗೆ ಬಂದು, "ವರ್ನೀಸಮ್ಮ, ಬಳಪ ತಪ್ಪಿ ಆ ಕಡೆ ಹೋಯ್ತು ಅನ್ಸುತ್ತೆ," ಅಂದ.

"ತಪ್ಪಿಲ್ಲಪ್ಪ, ನಾನೇ ಕಳಿಸಿದ್ದು," ಅಂದೆ.

"ಕ್ಲೆಮ್ ಕುರ್ಚಿಲಿ ಕೂತ್ಕೊಂಡು..." ಎಂದು ಯಾರೋ ಶುರುಮಾಡಿದರು.

"ಕ್ಲೆಮ್ ಕುರ್ಚಿ ಉಳಿಸಿಕೊಳ್ಳೋಕೇ ಬರೆದಿದ್ದು. ನಮ್ಮವರು ಗೆಲ್ತಾರೆ. ಆದರೆ ಆರೂವರೆಯಿಂದ ಗೆಲ್ಲಲ್ಲ. ನಿಮಗೆ ಲೆಕ್ಕ ಬರದಿದ್ರೆ ನಾನೇನು ಮಾಡ್ಲಿ?" ಅಂದೆ.

ಉಳಿದ ಏಳು ಆಟಗಳಲ್ಲಿ ಓಜಿಗೂ ನನಗೂ ಮತ್ತೆ ಸಮ. ಇದರ ಕೊನೆಯ ಒಂದೂವರೆ ನಿಮಿಷ. ನಮ್ಮವರು ಇಪ್ಪತ್ತು, ಅವರು ಹದಿನೇಳು. ಚೆಂಡು ನಮ್ಮವರ ಕೈಯಲ್ಲಿ, ಅವರ ಗೆರೆಗೆ ಹತ್ತೇ ಹತ್ತು ಗಜ. ದಾಟಿಸಿದರೆ ನನ್ನ ಕುರ್ಚಿ ಹೋಯಿತು. ಇಡೀ ಬಾರ್ ಎದ್ದು ನಿಂತು "ನುಗ್ಗು, ನುಗ್ಗು!" ಎನ್ನುತ್ತಿತ್ತು. ನಾನು ಮನಸ್ಸಿನಲ್ಲೇ, ಬೇಡ ಕಣಪ್ಪಾ, ಸಾಕು, ಗೆದ್ದಾಯಿತಲ್ಲ, ಕೂತ್ಕೋ ಅನ್ನುತ್ತಿದ್ದೆ. ಆ ಹುಡುಗ ಚೆಂಡು ಹಿಡಿದ. ಹಿಡಿದು, ಅಲ್ಲೇ ಮಂಡಿಯೂರಿಬಿಟ್ಟ! ಗಡಿಯಾರ ನಿಲ್ಲಿಸಿ ಎಂದು ಕೇಳುವ ಅವಕಾಶವೂ ಎದುರಾಳಿಗೆ ಉಳಿದಿರಲಿಲ್ಲ. ಗಡಿಯಾರ ಓಡಲಿ ಎಂದು ಇನ್ನೊಂದು ಸಲ, ಮತ್ತೊಂದು ಸಲ. ಆಟ ಮುಗಿಯಿತು. ಮೂರರಿಂದ ಗೆಲುವು.

ಎಲ್ಲರೂ ಕುಣಿದರು. ನಾನೂ ಕುಣಿದೆ, ಅವರೆಲ್ಲರಿಗಿಂತ ಹೆಚ್ಚು. ಸ್ವಲ್ಪ ಹೊತ್ತಾದ ಮೇಲೆ ಓಜಿ ಬೋರ್ಡಿನ ಕಡೆ ತಿರುಗಿದ, ಲೆಕ್ಕ ಹಾಕಿದ, ತನ್ನ ಕುರ್ಚಿಯನ್ನು ನೋಡಿದ. ತನ್ನದೇ ಬಾರಿನಲ್ಲಿ ತನ್ನದೇ ಕುರ್ಚಿ ಬಿಡಬೇಕು ಅವನು! "ನಾನು ಹೇಗಿದ್ರೂ ನಿಂತ್ಕೊಂಡೇ ಇರೋನು ತಾನೆ," ಎಂದು ಅಳುಮುಖ ಮಾಡಿಕೊಂಡು ನಕ್ಕ. ಎಲ್ಡನ್ ಕೋಟಿನ ಗುಂಡಿ ಹಾಕಿಕೊಂಡು, ಕೂದಲು ಬಾಚಿಕೊಂಡು, ಮದುವೆಗೆ ಬಂದವನ ಹಾಗೆ ಬಂದು ನನ್ನ ಪಕ್ಕದಲ್ಲಿ ಕೂತ. ಕೂತವನು ಮೊದಲು ಏನಂದ ಗೊತ್ತೇ? "ವರ್ನೀಸ್, ಇದು ನಿಮ್ಮ ಮನೆತನದ ರೋಗ. ನಿನ್ನ ತಮ್ಮನಿಗೆ ಬರೆ. ಅವನು ಸ್ವಲ್ಪ ಜೋರಾಗಿ ಕೂಗಿದ, ಅಷ್ಟೇ ಅವನ ತಪ್ಪು." ಮೇಜೆಲ್ಲ ನಕ್ಕಿತು ಕಣೋ. ನಿನ್ನ ಹೆಸರಿಗೆ ಆ ಮೇಜು ನಕ್ಕಿತು.

ಕುರ್ಚಿ ನನ್ನದು. ಕ್ಲೆಮ್ ಹೆಸರು ನಿನ್ನೆ ಎಷ್ಟು ಸಲ ಬಂತೋ ಎಣಿಸಲು ಪುರುಸೊತ್ತಾಗಲಿಲ್ಲ.

ನಿನ್ನ ಅಕ್ಕ,
ವರ್ನೀಸ್


ರೀನೋ
ಡಿಸೆಂಬರ್ 19

ಅಕ್ಕಾ,

ನಿನ್ನ ಕಾಗದವನ್ನು ಕಿಟಕಿಯಲ್ಲೇ ಮೂರು ಸಲ ಓದಿದೆ. ಸಾಲಿನಲ್ಲಿದ್ದವರು ಬೈದರು, ಬೈಯಲಿ ಬಿಡು.

ಈಗ ನಾನೊಂದು ಹೇಳಬೇಕು, ನಗಬಾರದು. ಈ ಹತ್ತೊಂಬತ್ತು ವರ್ಷದಲ್ಲಿ ನಾನು ಯಾವ ಆಟದ ಮೇಲೂ ಬಾಜಿ ಕಟ್ಟಿಲ್ಲ, ಬೇರೆಯವರದ್ದನ್ನು ಬರೆದುಕೊಂಡಿದ್ದೇನೆ ಅಷ್ಟೇ. ಆ ಭಾನುವಾರ ನನ್ನ ಬಿಡುವಿನಲ್ಲಿ ಪಕ್ಕದ ಹೋಟೆಲಿಗೆ ಹೋದೆ. ನಮ್ಮ ಕಿಟಕಿಯಲ್ಲಿ ನಾವು ಕಟ್ಟುವಂತಿಲ್ಲ. ಅಕ್ಕ ಒಬ್ಬಳೇ ಆ ಕಡೆ ನಿಂತಿರುತ್ತಾಳೆ, ನಾನೂ ಜೊತೆಗೆ ಮಿನೆಸೋಟಾ ಮೇಲೆ ಇಪ್ಪತ್ತು ಡಾಲರ್ ಇಡೋಣ ಎಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಕಿಟಕಿಯ ಹುಡುಗಿ, "ಯಾವ ಕಡೆ ಸಾರ್?" ಅಂದಳು.

"ನಮ್ಮವರು," ಅಂದೆ.

"ನಮ್ಮವರು ಅಂದ್ರೆ ಯಾರು ಸಾರ್?" ಅಂದಳು. ಹನ್ನೊಂದು ವರ್ಷ ಕಿಟಕಿಯ ಆ ಕಡೆ ಕೂತವನು ನಾನು. ಕಿವಿಯವರೆಗೆ ಕೆಂಪಾಗಿ ಊರಿನ ಹೆಸರು ಹೇಳಿದೆ.

ಆರೂವರೆ ಬಿಟ್ಟುಕೊಟ್ಟು, ನಮ್ಮವರ ಮೇಲೆ. ನಿನಗೆ ಅಷ್ಟೆಲ್ಲ ಉಪದೇಶ ಮಾಡಿದವನು. ಆ ಹುಡುಗ ಮಂಡಿಯೂರಿದಾಗ ಆ ಹೋಟೆಲಿನ ಕೆಂಪು ಕಾರ್ಪೆಟ್ಟಿನ ಮೇಲೆ ನಿಂತು "ಏಳೋ, ಓಡೋ!" ಎಂದು ನಾನು ಅರಚಿದ್ದು ಕೇಳಿ ಕಾವಲಿನವನು ಬಂದ. ಮರುಕ್ಷಣವೇ ನಮ್ಮವರು ಗೆದ್ದದ್ದು ನೆನಪಾಗಿ ಅವನನ್ನೇ ತಬ್ಬಿಕೊಂಡೆ.

ಸೋತ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಮೇಜಿನ ಹನ್ನೆರಡು ಜನರಿಗೂ ತೋರಿಸು, ಓಜಿಗೂ ತೋರಿಸು. ಇಪ್ಪತ್ತಮೂರನೇ ತಾರೀಖು ಬಸ್ಸಿಳಿಯುತ್ತೇನೆ, ಅದಕ್ಕೆ ಮೊದಲೇ ತೋರಿಸಿಬಿಡು.

ನಿನ್ನ ತಮ್ಮ,
ಆರ್ಲಿನ್